ನನ್ನ ಚುರುಕು ಕಾಲುಗಳು

ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾದರೆ ಸಾಕು, ನಾನು ಕುರ್ಚಿಯಿಂದ ಎದ್ದು ನಿಂತಿರುತ್ತೇನೆ. ಎದ್ದ ಮೇಲೆ, ಯಾಕೆ ಎದ್ದೆ ಎಂದು ಯೋಚಿಸುತ್ತೇನೆ. ಉತ್ತರ ಹೊಳೆಯುವಷ್ಟರಲ್ಲಿ ಮಂಡಿ ಹಿಡಿದುಕೊಂಡು ಮತ್ತೆ ಕೂರುವ ಹೊತ್ತಾಗಿರುತ್ತದೆ. ಎಪ್ಪತ್ತು ದಾಟಿದವರಿಗೆ ಈ ಎಗರಾಟ ಯಾಕೆ ಎಂದು ನನ್ನ ಸೊಸೆ ಬಾಯಲ್ಲಿ ಹೇಳುವುದಿಲ್ಲ, ಕಣ್ಣಲ್ಲಿ ಹೇಳುತ್ತಾಳೆ. ಮೊನ್ನೆ ಬೆಕ್ಕು ಹಾಲಿನ ಬಟ್ಟಲು ಉರುಳಿಸಿತು. ನಾನು ಎದ್ದ ರಭಸಕ್ಕೆ ಪಕ್ಕದಲ್ಲಿದ್ದ ಕಾಫಿ ಲೋಟವೂ ಉರುಳಿತು. ಬೆಕ್ಕು ಕಿಟಕಿಯಲ್ಲಿ ಕೂತು, ಇವನಿಗಿಂತ ನಾನೇ ವಾಸಿ ಎನ್ನುವಂತೆ ನನ್ನನ್ನು ನೋಡುತ್ತಿತ್ತು.

ಒಂದು ಕಾಲದಲ್ಲಿ ಇದನ್ನೇ ಜನ ಚುರುಕು ಎಂದು ಹೊಗಳುತ್ತಿದ್ದರು. ನಮ್ಮ ಕಡೆ ಆ ಮಾತಿಗೆ ಬಳಕೆ ಬಹಳ. ಬಿಸಿಲು ಚುರುಕು, ಮೆಣಸಿನಕಾಯಿ ಚುರುಕು, ಲೆಕ್ಕದಲ್ಲಿ ಹುಡುಗಿ ಚುರುಕು. ನನ್ನ ಹೆಸರು ರಂಗಪ್ಪ ಎಂದಿದ್ದರೂ ದೊಡ್ಡಬಳ್ಳಾಪುರದ ನಮ್ಮ ಕೇರಿಯಲ್ಲಿ ‘ಚುರುಕು ರಂಗ’ ಎಂದರೇ ಗೊತ್ತಾಗುತ್ತಿತ್ತು. ಆ ಹೆಸರು ಕೇಳಿದಾಗಲೆಲ್ಲ ಎದೆ ಒಂದಿಂಚು ಮುಂದಕ್ಕೆ ಬರುತ್ತಿತ್ತು. ಆಮೇಲೆ ಅದೇ ಹೆಸರು ಕೇಳಿದರೆ ತಲೆ ತಗ್ಗಿಸುವಂತಾಯಿತು. ಆ ಕಥೆಯನ್ನು ನಿಮಗೆ ಹೇಳಬೇಕು. ಹೇಳದೆ ಬಹಳ ವರ್ಷ ಕಳೆದಿದ್ದೇನೆ.

ನಮ್ಮದು ನೇಕಾರರ ಮನೆ. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ. ನೇಯುವವನು ಕುಣಿಯೊಳಗೆ ಕಾಲಿಳಿಬಿಟ್ಟು ಕೂರಬೇಕು. ಕಾಲು ಹಲಗೆ ತುಳಿಯುತ್ತಿರಬೇಕು, ಒಂದು ಕೈ ದಾರ ಜಗ್ಗಿ ಅಡ್ಡ ಎಳೆಯ ಲಾಳಿ ಓಡಿಸುತ್ತಿರಬೇಕು, ಇನ್ನೊಂದು ಕೈ ನೇಯ್ಗೆಯನ್ನು ಬಡಿದು ಬಿಗಿಯುತ್ತಿರಬೇಕು, ಕಣ್ಣು ಮಾತ್ರ ಅಲುಗದೆ ಎಳೆಗಳ ಮೇಲೆ ಇರಬೇಕು. ಕಡಿದ ಎಳೆಯೊಂದು ಕಣ್ಣು ತಪ್ಪಿದರೆ ಸೀರೆಯ ಉದ್ದಕ್ಕೂ ಗಾಯದ ಗೆರೆ. ಇದನ್ನೆಲ್ಲ ನನಗೆ ಕಲಿಸಿದವಳು ಅಪ್ಪನ ಅಕ್ಕ, ಸಿದ್ದತ್ತೆ.

ಸಿದ್ದತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆಗೆಲ್ಲ ಸೀರೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಬೀದಿಯಲ್ಲಿ ಹಾಕುತ್ತಿದ್ದರು. ಕೇರಿಯ ಈ ತುದಿಯಿಂದ ಆ ತುದಿಗೆ ಗೂಟ ನೆಟ್ಟು, ಎಳೆ ಹಿಡಿದು ಬಿಸಿಲೇರುವ ಮುಂಚೆ ಹೋಗಿ ಬಂದು ಹೋಗಿ ಬಂದು ಮಾಡಬೇಕು. ಆ ನಡಿಗೆಯಲ್ಲಿ ಅವಳನ್ನು ಹಿಂದೆ ಹಾಕಿದವರಿಲ್ಲವಂತೆ. ನಾನು ಕಂಡಾಗಲೂ ಅವಳು ನಡೆದರೆ ಸೆರಗು ಗಾಳಿಗೆ ಹಿಂದೆ ಉಳಿಯುತ್ತಿತ್ತು. ಆಮೇಲೆ ಕೀಲುಗಳು ಕಟ್ಟಿಕೊಂಡವು. ನಾನು ಮೀಸೆ ಬಂದ ಹುಡುಗನಾಗುವ ಹೊತ್ತಿಗೆ ಅವಳು ಎದ್ದು ನಿಲ್ಲುವುದೇ ನಿಂತುಹೋಗಿತ್ತು. ದಿನಾ ಬೆಳಿಗ್ಗೆ ನಾನು ಅವಳನ್ನು ಎರಡು ತೋಳಲ್ಲಿ ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಬೇಕು, ಸಂಜೆ ಮತ್ತೆ ಒಳಗೆ ತರಬೇಕು. ಜಗಲಿಯಲ್ಲಿ ಕೂತು ನೂಲು ಸುತ್ತುತ್ತಾ, ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾ ಇರುತ್ತಿದ್ದಳು.

“ಮೆಲ್ಲಗೆ ಎತ್ತೋ, ನಾನೇನು ರಾಗಿ ಮೂಟೆ ಏನೋ,” ಎಂದು ಬಯ್ಯುವುದು, ಬಯ್ಯುತ್ತಲೇ ನನ್ನ ಕೊರಳು ತಬ್ಬಿಕೊಳ್ಳುವುದು, ಎರಡೂ ದಿನಾ ನಡೆಯುತ್ತಿತ್ತು.

ಸಂಜೆ ಮಗ್ಗ ಬಿಟ್ಟರೆ ನಾನು ಗರಡಿಮನೆಯಲ್ಲಿ. ಅಲ್ಲಿನ ಉಸ್ತಾದರು ಖಾದರ್ ಸಾಹೇಬರು. ಹಗಲು ಅತ್ತರು ಊದುಬತ್ತಿಯ ಪುಟ್ಟ ಅಂಗಡಿ, ಸಂಜೆ ಕೆಮ್ಮಣ್ಣಿನ ಅಖಾಡ. ದಪ್ಪ ಶರೀರ, ನಿಧಾನದ ನಡಿಗೆ. ಬೀದಿಯಲ್ಲಿ ನೋಡಿದವರು ಇವರೇನು ಕುಸ್ತಿ ಕಲಿಸಿಯಾರು ಎನ್ನಬೇಕು. ಆದರೆ ಅವರನ್ನು ಮಣ್ಣು ಮುಟ್ಟಿಸಿದವನನ್ನು ನಾನು ಕಂಡಿಲ್ಲ. ನಾನು ಹತ್ತು ಸಲ ನುಗ್ಗುತ್ತಿದ್ದೆ, ಅವರು ಒಂದು ಸಲ ಪಕ್ಕಕ್ಕೆ ಸರಿಯುತ್ತಿದ್ದರು. ನನ್ನ ಬಾಯಿಗೆ ಮಣ್ಣು.

“ನೀನು ಬಹಳ ಬೇಗ ಇದೀಯ ರಂಗಪ್ಪಾ. ಚುರುಕಾಗಿಲ್ಲ,” ಎಂದರು ಒಂದು ದಿನ.

“ಎರಡೂ ಒಂದೇ ಅಲ್ವಾ ಉಸ್ತಾದ್?”

“ಅರೆ, ಹೆಂಗೆ ಒಂದೇ ಆಗುತ್ತೆ? ಕಲ್ಲು ಬೆಟ್ಟದಿಂದ ಬೇಗ ಬರುತ್ತೆ. ಅದಕ್ಕೆ ಎಲ್ಲಿಗೆ ಬರ್ತಿದೀನಿ ಅಂತ ಗೊತ್ತಿರುತ್ತಾ?”

ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ವಯಸ್ಸಾದವರು ಓಡಲಾರದ್ದಕ್ಕೆ ಹೀಗೆ ಮಾತು ಕಟ್ಟುತ್ತಾರೆ ಅಂದುಕೊಂಡೆ.

ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಅಕ್ಕಿಗೆ ಸಾಲು, ಸೀಮೆಎಣ್ಣೆಗೆ ಸಾಲು, ನೂಲಿಗಂತೂ ಪರದಾಟ. ಅಂಥ ಕಾಲದಲ್ಲಿ ನನಗೆ ಮದುವೆಯಾಯಿತು. ಹುಡುಗಿ ದೊಡ್ಡಬೆಳವಂಗಲದ ಕಡೆಯವಳು, ಹೆಸರು ನಂಜಮ್ಮ. ನನ್ನ ಹಣೆಬರಹಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಅವಳಷ್ಟು ನಿಧಾನದವಳು ಆ ಸುತ್ತಿನಲ್ಲಿ ಇನ್ನೊಬ್ಬಳಿರಲಿಲ್ಲ. ಬಿಂದಿಗೆ ಹಿಡಿದು ಬಾವಿಗೆ ಹೊರಟರೆ ನೀರೇ ಎದ್ದು ಬಂದೀತು, ಅವಳು ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲು ಒಂದು ಉಸಿರು ಹೆಚ್ಚಾಗಿ ತೆಗೆದುಕೊಳ್ಳುವಳು. ನಾನು ಅವಳನ್ನು “ಆಮೆ” ಎಂದು ಕರೆದೆ. ಮೊದಲು ತಮಾಷೆಗೆ, ಆಮೇಲೆ ಸಿಟ್ಟಿಗೆ, ಆಮೇಲೆ ಅಭ್ಯಾಸಕ್ಕೆ. ಅವಳು ಎದುರಾಡಲಿಲ್ಲ. ಸಿದ್ದತ್ತೆ ಮಾತ್ರ ಜಗಲಿಯಿಂದ ಕೂಗುತ್ತಿದ್ದಳು, “ಆಮೆ ಅಂತ ಕರೀಬೇಡ ಕಣೋ ಮುಂಡೇದೇ. ಅದು ಒಂದೊಂದು ಎಳೇನೂ ನೋಡ್ಕೊಂಡು ಸುತ್ತುತ್ತೆ. ನೀನು ಸುತ್ತಿದ್ದು ಬಿಡಿಸೋಕೇ ಒಂದು ದಿನ ಬೇಕು.”

ಅದು ಬೇಸಿಗೆ. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಹಿತ್ತಲಿನಲ್ಲಿ ತೆಂಗಿನ ಗರಿ ಹೊದಿಸಿದ ಚಪ್ಪರದ ಕೆಳಗೆ ಬಣ್ಣದ ಒಲೆ. ಅವತ್ತು ರೇಷ್ಮೆಗೆ ಕುಂಕುಮದ ಬಣ್ಣ ಹಾಕುವ ದಿನ. ಅಪ್ಪ, ತಮ್ಮ, ನಾನು ಬೆಳಗಿನಿಂದ ಕುದಿಯುವ ಹಂಡೆಯ ಸುತ್ತ. ನೆಲಕ್ಕೆ ಚೆಲ್ಲಿದ ಬಣ್ಣ ತುಳಿದು ತುಳಿದು ನನ್ನ ಪಾದ ಹರಡಿನವರೆಗೂ ಕೆಂಪಾಗಿತ್ತು.

ಸಿದ್ದತ್ತೆಗೆ ಹಿಂದಿನ ದಿನದಿಂದ ಜ್ವರ. “ಇವತ್ತು ಜಗಲಿ ಬೇಡ ಕಣೋ, ಗಾಳಿ ಆಗೋದಿಲ್ಲ. ಒಳಗೇ ಮಲಗಿಸು,” ಎಂದಿದ್ದಳು. ನಡುಮನೆಯಿಂದ ಹಿತ್ತಲಿಗೆ ಹೋಗುವ ಓಣಿಯಂಥ ಜಾಗದಲ್ಲಿ, ನೂಲಿನ ಕೋಣೆಗೆ ಅಂಟಿಕೊಂಡಂತೆ ಒಂದು ಮೂಲೆ. ಅದಕ್ಕೆ ಬಾಗಿಲಿರಲಿಲ್ಲ, ಗೋಣಿಯ ಪರದೆ ಇತ್ತು. ಅಲ್ಲಿ ಚಾಪೆ ಹಾಸಿ, ಅವಳನ್ನು ತಂದು ಮಲಗಿಸಿ, ಪರದೆ ಎಳೆದೆ. ಇದನ್ನು ಮಾಡಿದವನು ನಾನು. ನನ್ನ ಈ ಎರಡು ಕೈ.

ಮಧ್ಯಾಹ್ನ ಗಾಳಿ ಎದ್ದಿತು. ಒಲೆಯ ಕಿಡಿ ಯಾವಾಗ ಗರಿಗೆ ಹಾರಿತೋ ಯಾರೂ ಕಾಣಲಿಲ್ಲ. ಕಂಡಾಗ ಚಪ್ಪರವೆಲ್ಲ ಉರಿಯುತ್ತಿತ್ತು, ಉರಿ ಹಿಂಬದಿಯ ಬಿದಿರಿನ ಮಾಡಿಗೆ ನಾಲಿಗೆ ಚಾಚಿತ್ತು. ಅಪ್ಪ, ತಮ್ಮ ಬಾವಿಯ ಕಡೆ ಓಡಿದರು. ಅವ್ವ ಬೀದಿಗೆ ಓಡಿ ಬಾಯಿ ಬಡಿದುಕೊಂಡಳು.

ನಾನು ನೂಲಿನ ಕೋಣೆಗೆ ನುಗ್ಗಿದೆ.

ಯಾರೂ ಹೇಳಬೇಕಾಗಲಿಲ್ಲ. ಕಾಲು ತಾನೇ ಓಡಿತು. ರೇಷ್ಮೆ ನೂಲಿನ ಲಡಿಗಳನ್ನು ತೋಳು ತುಂಬ ಬಾಚಿ, ಆ ಓಣಿ ದಾಟಿ, ನಡುಮನೆ ದಾಟಿ ಬೀದಿಗೆ ತಂದು ಒಗೆದೆ. ಮತ್ತೆ ಓಡಿದೆ. ಹೊಗೆ ದಟ್ಟವಾಗಿತ್ತು, ಉಸಿರು ಕಟ್ಟಿ ನುಗ್ಗಿದೆ, ಸುತ್ತಿಟ್ಟಿದ್ದ ಹಾಸನ್ನು ಹೆಗಲಿಗೇರಿಸಿ ತಂದೆ. ಕೇರಿಯ ಜನ ಬಿಂದಿಗೆ, ಕೊಡ ಹಿಡಿದು ಸೇರಿದ್ದರು. ಯಾರೋ “ಭೇಷ್ ರಂಗಾ” ಎಂದರು. ಅದನ್ನು ನಾನು ಕೇಳಿಸಿಕೊಂಡೆ, ಅದೂ ನೆನಪಿದೆ. ಮೂರನೆಯ ಸಲ ಹೋಗಿ ನೇಯ್ದಿಟ್ಟಿದ್ದ ಸೀರೆಗಳ ಗಂಟು ತಂದೆ.

ಆಗ ನಂಜಮ್ಮ ನೀರು ಹೊತ್ತುಕೊಂಡು ಬೀದಿಯ ತುದಿಯಿಂದ ಬಂದಳು. ಬಂದವಳು ಬಿಂದಿಗೆ ಇಳಿಸಿ ಸುಮ್ಮನೆ ನಿಂತಳು. ಎಲ್ಲರೂ ಓಡಾಡುತ್ತಿರುವಾಗ ಅವಳೊಬ್ಬಳು ನಿಂತಿದ್ದಳು, ತುಟಿ ಏನೋ ಅಲುಗುತ್ತಿತ್ತು. ನನಗೆ ರೇಗಿಹೋಯಿತು.

“ಮನೆ ಉರೀತಿದ್ರೆ ನಿಂತ್ಕೊಂಡು ನೋಡ್ತಿದೀಯಲ್ಲೇ!” ಎಂದು ಕಿರುಚಿದೆ.

ಅವಳು ಜಗಲಿಯ ಮೇಲಿದ್ದ ಕಂಬಳಿ ಎತ್ತಿಕೊಂಡು, ಬಿಂದಿಗೆಯ ನೀರನ್ನೆಲ್ಲ ಅದರ ಮೇಲೆ ಸುರಿದು, ತಲೆಯ ಮೇಲೆ ಹೊದ್ದು ಒಳಕ್ಕೆ ನಡೆದಳು. ನಡೆದಳು, ಓಡಲಿಲ್ಲ.

“ಇನ್ನೆಲ್ಲಿಗೇ? ನೂಲೆಲ್ಲ ಆಚೆ ಬಂತು!” ಎಂದೆ ನಾನು.

ಈ ಮಾತನ್ನು ಬರೆಯುವುದು ಬೇಡವೆಂದು ಎರಡು ಸಲ ಹೊಡೆದುಹಾಕಿದೆ. ಬರೆಯದಿದ್ದರೆ ಬೇರೆ ಯಾವುದನ್ನು ಬರೆದೂ ಪ್ರಯೋಜನವಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಒಳಗೆ ಮಾಡು ಕುಸಿದ ಸದ್ದಾಯಿತು. ಅವ್ವ ಇದ್ದಕ್ಕಿದ್ದಂತೆ, “ಅಯ್ಯೋ, ಸಿದ್ದಕ್ಕ ಎಲ್ಲಿ? ಪಕ್ಕದ ಮನೆ ಜಗಲೀಲಿ ಕೂರಿಸಿರ್ತೀರಿ ಅಂದ್ಕೊಂಡ್ನಲ್ಲೋ!” ಎಂದು ಕೂಗಿದಳು. ಆಗ, ಆಗ ಮಾತ್ರ ನನ್ನ ಕೈಗೆ ಬೆಳಿಗ್ಗೆ ಎತ್ತಿದ ಮೈಯ ಭಾರ ನೆನಪಾಯಿತು. ಒಳಗೆ ಹಾರಿದೆ. ನಡುಮನೆಯ ಹೊಗೆಯಲ್ಲಿ ನಂಜಮ್ಮ ನೆಲಕ್ಕೆ ಬಗ್ಗಿ, ಹಿಂದು ಹಿಂದಕ್ಕೆ ಬರುತ್ತಾ, ಚಾಪೆಯನ್ನು ಎಳೆಯುತ್ತಿದ್ದಳು. ಚಾಪೆಯ ಮೇಲೆ ಒದ್ದೆ ಕಂಬಳಿ, ಕಂಬಳಿಯ ಕೆಳಗೆ ಸಿದ್ದತ್ತೆ. ಎತ್ತುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೆ ಎಳೆದಿದ್ದಳು. ಅತ್ತೆಯ ಮೇಲೆ ಬಿದ್ದ ಉರಿಯುವ ಬಿದಿರನ್ನು ಬರಿಗೈಯಲ್ಲಿ ತೆಗೆದು ಹಾಕಿದ್ದಳು. ಹೊಸ್ತಿಲು ಇನ್ನು ನಾಲ್ಕು ಮಾರು ಇತ್ತು. ಆ ನಾಲ್ಕು ಮಾರು ನಾನು ಅತ್ತೆಯನ್ನು ಎತ್ತಿಕೊಂಡು ಬಂದೆ.

ಬೀದಿಯಲ್ಲಿ ನಿಂತ ಜನ ಕಂಡದ್ದು ಅಷ್ಟನ್ನೇ. ಹೊಗೆಯೊಳಗಿಂದ ಮುದುಕಿಯನ್ನು ತೋಳಲ್ಲಿ ಹೊತ್ತು ಹೊರಬಂದ ರಂಗಪ್ಪ. ಹಿಂದೆ ಕೈ ಹಿಡಿದುಕೊಂಡು ಕೆಮ್ಮುತ್ತಾ ಬಂದ ಹೆಂಡತಿಯ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಸಿದ್ದತ್ತೆ ಬದುಕಿದಳು. ಹಿಂಬದಿಯ ಮನೆ ಹೋಯಿತು, ಮುಂಭಾಗ ಉಳಿಯಿತು. ನಂಜಮ್ಮನ ಬಲಗೈಗೆ ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು, ಮನೆಯಲ್ಲಿ ಸುಣ್ಣದ ತಿಳಿ, ಕೊಬ್ಬರಿ ಎಣ್ಣೆ ಹಚ್ಚಿದೆವು. ಗಾಯ ಮಾಯುವಾಗ ಉಂಗುರದ ಬೆರಳೂ ಕಿರುಬೆರಳೂ ಒಂದಕ್ಕೊಂದು ಅಂಟಿ ಮಡಿಚಿಕೊಂಡವು. ಮತ್ತೆ ಬಿಡಿಸಿಕೊಳ್ಳಲೇ ಇಲ್ಲ.

ಇತ್ತ ನನ್ನ ಹೆಸರು ಊರೆಲ್ಲ ಓಡಾಡಿತು. ಬೆಂಕಿಗೆ ನಾಲ್ಕು ಸಲ ಹಾರಿದವನು, ಅತ್ತೆಯನ್ನು ಉಳಿಸಿದವನು. ಒಂದು ಸಂಜೆ ಗರಡಿಯಲ್ಲಿ ಉಸ್ತಾದರು ಎಲ್ಲರ ಮುಂದೆ ನನ್ನ ತಲೆಗೆ ಕೆಂಪಂಚಿನ ರುಮಾಲು ಸುತ್ತಿದರು. “ನಾನು ಇವನಿಗೆ ಒಂದು ಮಾತು ಅಂದಿದ್ದೆ. ವಾಪಸ್ ತಗೊಂಡೆ,” ಎಂದರು. ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಅಷ್ಟು ಬೇಗದ ಮನುಷ್ಯನಿಗೆ ಆ ಒಂದು ವಿಷಯದಲ್ಲಿ ಮಾತ್ರ ಏನೂ ಅವಸರವಿರಲಿಲ್ಲ.

ರುಮಾಲು ಸುತ್ತಿಕೊಂಡೇ ಮನೆಗೆ ಬಂದೆ. ನಂಜಮ್ಮ ಎಡಗೈಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆಯೆತ್ತಿ ನೋಡಿ, “ಚೆನ್ನಾಗಿದೆ,” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ರುಮಾಲು ಬಿಚ್ಚಿ ಅವಳ ಎದುರಿಗೆ ಕೂತು ಕೇಳಿದೆ:

“ಅತ್ತೆ ಒಳಗಿದಾಳೆ ಅಂತ ನಿಂಗೆ ಹೆಂಗೆ ಹೊಳೀತು?”

ಅವಳು ಯಾವತ್ತಿನಂತೆ ಒಂದು ಉಸಿರು ಹೆಚ್ಚಾಗಿ ತೆಗೆದುಕೊಂಡಳು.

“ಹೊಳೆಯೋದೇನು ಬಂತು? ಎಣಿಸಿದೆ. ಊಟಕ್ಕೆ ದಿನಾ ನಾನಲ್ವಾ ಗಂಗಳ ಇಡೋದು? ನಮ್ಮನೇಗೆ ಆರು ಗಂಗಳ. ಆಚೆ ನೋಡಿದ್ರೆ ನನ್ನೂ ಸೇರಿಸಿ ಐದೇ ಜನ.”

ಆ ಹೊತ್ತಿನಲ್ಲಿ ನಾನೂ ಎಣಿಸುತ್ತಲೇ ಇದ್ದೆ. ಎಷ್ಟು ಲಡಿ ಬಂತು, ಎಷ್ಟು ಸೀರೆ ಬಂತು ಎಂದು.

ಮರುದಿನ ಉಸ್ತಾದರ ಅಂಗಡಿಗೆ ಹೋದೆ. ಗಿರಾಕಿಗಳು ಇಳಿದ ಮೇಲೆ ರುಮಾಲನ್ನು ಅವರ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಅತ್ತೆಯನ್ನು ಒಳಗೆ ಮಲಗಿಸಿದವನು ನಾನೇ ಎಂಬುದನ್ನೂ, ಆ ಪರದೆಯ ಮುಂದೆಯೇ ಓಡಾಡಿದ್ದನ್ನೂ ನುಂಗಿಕೊಂಡೆ. ಉಳಿಸಿದವಳು ಹೆಂಡತಿ, ನಾನಲ್ಲ ಎಂದಷ್ಟೇ ಹೇಳಿದೆ. ಅವರು ಕೈಯಲ್ಲಿದ್ದ ಅತ್ತರಿನ ಬುಡ್ಡಿಯನ್ನು ಒರೆಸಿ ಇಟ್ಟರು.

“ಇದನ್ನ ಹೇಳೋಕೆ ಎಷ್ಟು ದಿನ ತಗೊಂಡೆ?”

“ಒಂದು ತಿಂಗಳಾಯ್ತು ಉಸ್ತಾದ್.”

“ಹೂಂ. ತಡ ಆಯ್ತು. ಆದ್ರೂ ಬಂದೆ.” ರುಮಾಲನ್ನು ಮಡಿಸಿ ನನ್ನ ಕೈಗೆ ಹಾಕಿದರು. “ತಗೊಂಡ್ಹೋಗಿ ಆ ಮಗಳಿಗೆ ಕೊಡು. ಕೊಟ್ಟಿದ್ದು ನಾನು ಅಂತ ಹೇಳು.”

ಕೊಟ್ಟೆ. ನಂಜಮ್ಮ ಅದನ್ನು ಮುಟ್ಟಿ ನೋಡಿ, ಬಟ್ಟೆ ಗಟ್ಟಿಯಾಗಿದೆ ಎಂದು ಹೇಳಿ, ಹರಿದು ಸಿದ್ದತ್ತೆಯ ಕೀಲುಗಳಿಗೆ ಬಿಸಿ ಶಾಖ ಕೊಡಲು ಗಂಟು ಕಟ್ಟಿಕೊಂಡಳು.

ಆಮೇಲೆ ನಾನು ನಿಧಾನ ಕಲಿತೆ ಎಂದರೆ ನೀವು ನಂಬಬೇಡಿ. ಕಾಲು ಹಾಗೇ ಇತ್ತು. ಆದರೆ ಮಗ್ಗದಲ್ಲಿ ಕೂತಾಗ ಕಣ್ಣು ಒಮ್ಮೊಮ್ಮೆ ತಾನೇ ಜಗಲಿಯ ಕಡೆ ಹೋಗುತ್ತಿತ್ತು, ಇದ್ದಾಳೆಯೇ ಎಂದು ನೋಡಲು. ಸಿದ್ದತ್ತೆ ಮೊದಲಿನಂತೆಯೇ ಇದ್ದಳು. ಬಯ್ಯುತ್ತಿದ್ದಳು, ಎತ್ತಿದಾಗ ಕೊರಳು ತಬ್ಬುತ್ತಿದ್ದಳು. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಜ್ವರದ ಮಂಪರಿನಲ್ಲಿ ಅವಳಿಗೆ ಏನೂ ತಿಳಿದಿರಲಾರದು ಎಂದು ನಾನು ಸಮಾಧಾನ ಮಾಡಿಕೊಂಡೆ. ಯುದ್ಧ ಮುಗಿದ ವರ್ಷ, ಒಂದು ಬೆಳಿಗ್ಗೆ ಜಗಲಿಗೆ ತರಲು ಹೋದಾಗ ಅವಳ ತೋಳು ನನ್ನ ಕೊರಳಿಗೆ ಬರಲಿಲ್ಲ. ಅಷ್ಟು ಹಗುರಾಗಿದ್ದಳು ಎಂದು ಅವತ್ತೇ ನನಗೆ ಗೊತ್ತಾದದ್ದು.

ಇನ್ನೂ ಕೆಲವು ವರ್ಷ ಕಳೆದವು. ಸ್ವಾತಂತ್ರ್ಯ ಬಂದಿತ್ತು, ನಮಗೆ ಒಬ್ಬ ಮಗನಿದ್ದ. ಕೇರಿಯಲ್ಲಿ ಒಂದೊಂದಾಗಿ ವಿದ್ಯುತ್ ಮಗ್ಗಗಳ ಸದ್ದು ಶುರುವಾಗಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಅವು ಎಷ್ಟು ಸಲ ಲಾಳಿ ಎಸೆಯುತ್ತಿದ್ದವೋ! ‘ಚುರುಕು ರಂಗ’ ಎಂಬ ಹೆಸರನ್ನು ಜನ ಮರೆಯಲು ಅಷ್ಟು ಸಾಕಾಯಿತು. ಸುಟ್ಟು ಖಾಲಿ ಬಿದ್ದಿದ್ದ ಹಿಂಬದಿಯ ಜಾಗದಲ್ಲಿ ಹೊಸ ಕೋಣೆ ಕಟ್ಟಲು ಅಡಿಪಾಯ ತೋಡಿದ್ದೆವು. ಒಂದು ಮಧ್ಯಾಹ್ನ ನಾನು ಅಲ್ಲಿ ನಿಂತು ನೋಡುತ್ತಿದ್ದೆ. ಓಣಿ ಇದ್ದ ಜಾಗ ಇದು, ಪರದೆ ಇದ್ದ ಜಾಗ ಇದು. ನಂಜಮ್ಮ ಅಲ್ಲೇ ಮರದಡಿಯಲ್ಲಿ ಕೂತು ಆ ಮಡಿಚಿದ ಕೈಯಲ್ಲಿ ನೂಲು ಸುತ್ತುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ನಂಜೂ, ಒಂದು ಮಾತು. ಅವತ್ತು ಬೆಳಿಗ್ಗೆ ಅತ್ತೇನ ಒಳಗೆ ಮಲಗಿಸಿದ್ದು ನಾನೇ. ಆಮೇಲೆ ಇಲ್ಲೇ, ಈ ಪರದೆ ಮುಂದೇನೇ ಓಡಾಡಿದೆ. ಮೂರು ಸಲ. ನೂಲು ತಗೊಂಡು.”

ಅವಳ ಕೈ ನಿಲ್ಲಲಿಲ್ಲ.

“ಗೊತ್ತು,” ಎಂದಳು.

“ಯಾರು ಹೇಳಿದ್ರು?”

“ಅತ್ತೆಮ್ಮ. ಚಾಪೆ ಎಳೀತಿದ್ದಾಗ್ಲೇ ಹೇಳಿದ್ರು. ಪರದೆ ಗಿಡ್ಡ ಅಲ್ವಾ, ನೆಲಕ್ಕೆ ಮುಟ್ತಿರ್ಲಿಲ್ಲ. ‘ಅವನ ಕಾಲು ಕಂಡೆ ಕಣೇ, ಕೆಂಪಗಿತ್ತು, ಕೂಗಿದೆ, ಅವನಿಗೆ ಕೇಳಿಸ್ಲಿಲ್ಲ’ ಅಂದ್ರು.” ಅವಳು ಒಂದು ಎಳೆಯ ಗಂಟು ಬಿಡಿಸಲು ತುಸು ನಿಂತು, ಮತ್ತೆ ಮುಂದುವರಿಸಿದಳು. “ಹೊಗೇಲಿ ಉಸಿರೇ ಬರ್ತಿರ್ಲಿಲ್ಲ ಅವ್ರಿಗೆ. ಆದ್ರೂ ನನ್ನ ಕೈ ಹಿಡ್ಕೊಂಡು ಅಂದ್ರು, ‘ನಾನು ಕಂಡೆ ಅಂತ ಅವನಿಗೆ ಹೇಳ್ಬೇಡ. ಜನ್ಮ ಪೂರ್ತಿ ಓಡೋದು ಬಿಟ್ಬಿಡ್ತಾನೆ.’”

ನಾನು ಅಡಿಪಾಯದ ಅಂಚಿನಲ್ಲಿ ಕೂತೆ. ಮೇಲೆ ಮಾಡು ಉರಿಯುತ್ತಿರುವಾಗ, ಎದ್ದು ಕೂರಲೂ ಆಗದ ಆ ಮುದುಕಿಯ ಮನಸ್ಸು ಬೆಂಕಿ ದಾಟಿ, ಬೀದಿ ದಾಟಿ, ಮುಂದೆ ನಾನು ಬದುಕಬೇಕಾದ ವರ್ಷಗಳವರೆಗೂ ಹೋಗಿ, ಅಲ್ಲಿ ನನಗೆ ನೋವಾಗದಂತೆ ಏರ್ಪಾಡು ಮಾಡಿ ಬಂದಿತ್ತು. ನಾನು ಇಪ್ಪತ್ತು ಹೆಜ್ಜೆ ದೂರದ ರೇಷ್ಮೆಯವರೆಗೆ ಮಾತ್ರ ಹೋಗಿದ್ದೆ.

“ಮತ್ತೆ ಈಗ್ಯಾಕೆ ಹೇಳ್ದೆ?” ಎಂದೆ.

ನಂಜಮ್ಮ ನೂಲನ್ನು ಕೆಳಗಿಟ್ಟಳು.

“ಇದನ್ನ ಇಷ್ಟು ವರ್ಷ ನೀವು ಒಬ್ರೇ ಹೊತ್ಕೊಂಡಿದ್ರಿ ಅಂತ ಈಗ ಗೊತ್ತಾಯ್ತಲ್ಲ,” ಎಂದು ಹೇಳಿ, ಮಡಿಚಿದ ಕೈಯನ್ನು ನೆಲಕ್ಕೆ ಊರಿ, ನಿಧಾನವಾಗಿ ಸರಿದು, ತನ್ನ ಪಕ್ಕದಲ್ಲಿ ನೆರಳಿಗೆ ಜಾಗ ಮಾಡಿದಳು.